ಗಾಡಿ ಯಾರ ಹೆಸರಿಗೆ

ಮುನಿಶಾಮಪ್ಪನವರು ಮೋಟರ್ ಸೈಕಲ್ಲಿನ ಮಾತು ತೆಗೆದಾಗ ರಾಮಲಕ್ಷ್ಮಮ್ಮ ಕೈ ಒದ್ದೆ ಮಾಡಿಕೊಂಡು ಕೊನೆಯ ಮುದ್ದೆ ಕಟ್ಟುತ್ತಿದ್ದರು. ಹಿತಕಿದ ಅವರೆಬೇಳೆಯ ಸಾರು ಆಗಲೇ ತಟ್ಟೆಗಳಿಗೆ ಬಿದ್ದಿತ್ತು. ಸ್ಕೂಲ್ ಮೇಷ್ಟ್ರಾಗಿದ್ದ ಮಗ ಆಂಜಿ ಮೊದಲ ತುತ್ತು ನುಂಗಿದ್ದ.

“ಚಿಕ್ಕಬಳ್ಳಾಪುರಕ್ಕೆ ಹೊಸ ಮಾಡೆಲ್ ಗಾಡಿ ಬಂದಿದೆ. ದೂರ ಹೋಗೋಕೆ ಅಂತಲೇ ಮಾಡಿರೋದಂತೆ. ಒಂದು ತಗೊಳ್ಳಣ ಅಂತಿದೀನಿ.”

ಆಂಜಿಯ ಮುಖ ಅರಳಿತು. “ನಾನೇ ಕೇಳ್ಬೇಕು ಅಂತಿದ್ದೆ ಅಪ್ಪಾ. ಆ ಬಸ್ಸಲ್ಲಿ ನೇತಾಡ್ಕೊಂಡು ಸ್ಕೂಲಿಗೆ ಹೋಗಿ ಹೋಗಿ ಭುಜ ಬಿದ್ದುಹೋಗಿದೆ.”

“ನಿನಗಲ್ಲಪ್ಪಾ. ನನಗೆ.”

ಸೊಸೆ ಅನಸೂಯ ಸಾರಿನ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಗಂಡನ ಮುಖ ನೋಡಿದಳು. ಗೋಡೆಗೊರಗಿ ಕುಳಿತಿದ್ದ ಅಜ್ಜಿ ಅಮ್ಮಾಜಮ್ಮನಿಗೆ ಕಿವಿ ಮಂದ. “ಏಮಂಟುನ್ನಾಡೇ ವೀಡು?” ಇವನೇನಂತಾನೆ ಎಂದು ತೆಲುಗಿನಲ್ಲಿ ಮೊಮ್ಮಗಳನ್ನು ಕೇಳಿದರು.

ಶ್ಯಾಮಲ ಅಜ್ಜಿಯ ಕಿವಿಯ ಹತ್ತಿರ ಬಾಗಿ, “ಅಪ್ಪ ಮೋಟರ್ ಸೈಕಲ್ ತಗೋತಾರಂತೆ ಅಜ್ಜೀ,” ಅಂದಳು.

“ಆಂಜಿಗಾ?”

“ಅಲ್ಲ, ಅವರಿಗೇ.”

ಅಜ್ಜಿ ಐವತ್ತೆಂಟು ವರ್ಷದ ಮಗನನ್ನು ಮೇಲಿಂದ ಕೆಳಗೆ ನೋಡಿದರು. “ಪಿಚ್ಚಿ ಪಟ್ಟಿಂದಾ ನೀಕು? ಹುಚ್ಚು ಹಿಡೀತಾ?” ಎಂದು ಎರಡು ಭಾಷೆಯಲ್ಲೂ ಕೇಳಿ, ಮುದ್ದೆ ಮುರಿದುಕೊಂಡರು.

ಮುನಿಶಾಮಪ್ಪ ರೇಷ್ಮೆ ಇಲಾಖೆಯಲ್ಲಿ ಪ್ರದರ್ಶಕರಾಗಿದ್ದವರು. ಹುಳು ಸಾಕುವವರ ಮನೆಮನೆಗೆ ಹೋಗಿ, ಸೊಪ್ಪು ಎಷ್ಟು ಹಾಕಬೇಕು, ಗಾಳಿ ಎಲ್ಲಿಂದ ಬಿಡಬೇಕು, ಸುಣ್ಣದ ಪುಡಿ ಯಾವಾಗ ಎರಚಬೇಕು ಎಂದು ಹೇಳಿಕೊಡುವುದೇ ಅವರ ಕೆಲಸ. ಮೊದಲು ಸೈಕಲ್ಲು, ಆಮೇಲೆ ಇಲಾಖೆಯ ಮೊಪೆಡ್ಡು. ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಅವರು ನೀರು ಕುಡಿಯದ ಹಳ್ಳಿ ಇರಲಿಲ್ಲ. ತಾಲ್ಲೂಕು ದಾಟಿ ಅವರು ನೋಡಿದ್ದೂ ಹೆಚ್ಚಿಗೆ ಇರಲಿಲ್ಲ. ನಿವೃತ್ತರಾದ ದಿನ ಹಾರ ಹಾಕಿಸಿಕೊಂಡು, ಮೊಪೆಡ್ಡಿನ ಕೀಲಿಯನ್ನು ಮೇಜಿನ ಮೇಲಿಟ್ಟು ನಡೆದುಕೊಂಡು ಮನೆಗೆ ಬಂದಿದ್ದರು. ಇಲಾಖೆಯ ದುಡ್ಡು ಕೈಗೆ ಬಂದು ಇನ್ನೂ ವಾರವಾಗಿರಲಿಲ್ಲ.

“ಎಲ್ಲಿಗೆ ಹೋಗ್ಬೇಕು ನೀವು?” ಎಂದು ರಾಮಲಕ್ಷ್ಮಮ್ಮ ಕೇಳಿದರು.

“ಕಂಚಿಗೆ.”

“ಕಂಚಿಗೆ ಬಸ್ಸಿಲ್ವಾ?”

“ಇದೆ. ಬಸ್ಸು ಅದು ಹೇಳಿದ ಕಡೆ ನಿಲ್ಲುತ್ತೆ, ನಾನು ಹೇಳಿದ ಕಡೆ ನಿಲ್ಲಲ್ಲ.” ಅವರು ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿದರು. “ಹುಳ ಸಾಕೋದು ನಾನು ಹೇಳ್ಕೊಟ್ಟೆ. ಗೂಡು ಇಲ್ಲಿ ಮಾರ್ಕೆಟ್ಟಲ್ಲಿ ಹರಾಜಾಗುತ್ತೆ. ದಸ್ತಗಿರ್ ಅಂಥೋರು ನೂಲು ತೆಗೀತಾರೆ. ಆಮೇಲೆ ಆ ನೂಲು ಮೂಟೆ ಕಟ್ಕೊಂಡು ಎಲ್ಲಿಗೆ ಹೋಗುತ್ತೆ? ಅಲ್ಲಿ ಅದೇನಾಗುತ್ತೆ? ಒಂದು ದಿನ ಕಣ್ಣಾರೆ ನೋಡಿಲ್ಲ. ಮಗ್ಗದ ಮುಂದೆ ನಿಂತು ನೋಡ್ಬೇಕು. ಚಿಂತಾಮಣಿ, ಮದನಪಲ್ಲಿ, ತಿರುಪತಿ, ಕಂಚಿ. ಅಲ್ಲಿಂದ ಒಂದಿಷ್ಟು ದೂರ ಹೋದ್ರೆ ಸಮುದ್ರ. ದಸ್ತಗಿರೂ ಬರ್ತಾನೆ, ಅವನ ಗಾಡೀಲಿ.”

“ಮದನಪಲ್ಲಿ ರಸ್ತೆ ಹೆಸರು ಎತ್ಬೇಡಿ ನನ್ ಮುಂದೆ,” ಅಂದರು ರಾಮಲಕ್ಷ್ಮಮ್ಮ. ಅವರ ತಮ್ಮ ಅದೇ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತಿದ್ದ. ಅವನೂ ಮೋಟರ್ ಸೈಕಲ್ಲಿನಲ್ಲೇ ಹೋಗುತ್ತಿದ್ದ.

ಆಂಜಿ ಗಂಟಲು ಸರಿಮಾಡಿಕೊಂಡ. “ಹೊಸ ಮಾಡೆಲ್ ಅಪ್ಪಾ ಅದು. ಮೊದಲನೇ ಲಾಟ್ ಯಾರೂ ಮುಟ್ಬಾರ್ದು. ಒಂದಾರು ತಿಂಗಳು ಬಿಡಿ, ಅದರ ಬಣ್ಣ ಹೊರಗೆ ಬರುತ್ತೆ. ಆಮೇಲೆ ನೋಡಣ.”

“ಆರು ತಿಂಗಳು ಬಿಟ್ರೆ ಆ ದುಡ್ಡನ್ನ ಈ ಮನೆ ನುಂಗಿರುತ್ತೆ. ಇವತ್ತು ಸೂರು, ನಾಳೆ ಬಚ್ಚಲು, ನಾಡಿದ್ದು ಯಾರ್ದೋ ಮದುವೆ. ತಗೊಂಡ್ರೆ ಈಗ ತಗೋಬೇಕು, ಇಲ್ದಿದ್ರೆ ಇಲ್ಲ.”

“ನುಂಗೋಕೆ ಮನೇನೇನು ಬೇರೆಯವರದಾ?” ಅಂದರು ರಾಮಲಕ್ಷ್ಮಮ್ಮ.

ಮುನಿಶಾಮಪ್ಪ ಕೈ ತೊಳೆಯಲು ಎದ್ದರು. ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಇತ್ತು.

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಒಲೆ ಊದುತ್ತ ಅನಸೂಯ ಹೊಗೆಗೆ ಕೆಮ್ಮಿದರೆ ಆ ಕೆಮ್ಮು ಜಗಲಿಯವರೆಗೆ ಕೇಳುತ್ತಿತ್ತು. “ಗ್ಯಾಸಿಗೆ ಹೆಸರು ಬರ್ಸಿ ಎರಡು ವರ್ಷ ಆಯ್ತು. ನಾನು ಬಂದಾಗಿನಿಂದ ಇದೇ ಸೌದೆ, ಇದೇ ಒಲೆ. ನಮ್ಮ ತವರು ಕೆಂಚಾರ್ಲಹಳ್ಳೀಲೇ ಗ್ಯಾಸ್ ಬಂತು,” ಎಂದು ಅತ್ತೆಗೆ ಹೇಳುವಳು. ಹೇಳುವುದು ಅತ್ತೆಗೆ, ಕೇಳಬೇಕಾದ್ದು ಮಾವ.

“ಮಾವನಿಗೆ ಹೇಳಮ್ಮ, ನನಗ್ಯಾಕೆ ಹೇಳ್ತೀಯ?”

“ನಾನ್ಯಾರು ಅತ್ತೆ ಹೇಳೋಕೆ? ಅವರ ದುಡ್ಡು.”

ಮುನಿಶಾಮಪ್ಪ ಒಳಗೆ ಬಂದು, “ಗ್ಯಾಸಿಗೆ ದುಡ್ಡಿಲ್ಲ ಅಂದ್ನಾ? ನಂಬರ್ ಬಂದಿಲ್ಲ. ನಂಬರ್ ಬಂದ ದಿನ ತರ್ತೀನಿ,” ಅನ್ನುವರು.

“ಗಾಡಿಗೆ ನಂಬರ್ ಬೇಗ ಬರುತ್ತೆ ಅಲ್ವಾ ಮಾವ?” ಅನಸೂಯ ನಗುತ್ತಲೇ ಕೇಳುವಳು.

ಶ್ಯಾಮಲ ಬಿ.ಎ. ಮುಗಿಸಿ ಮನೆಯಲ್ಲಿದ್ದಳು. ಸಂಜೆ ಜಗಲಿಯಲ್ಲಿ ಮಕ್ಕಳಿಗೆ ಪಾಠ ಹೇಳುವಳು. ಒಂದು ಸಂಜೆ ತಂದೆ ಅವಳ ಪಕ್ಕದಲ್ಲಿ ಕುಳಿತು, “ನೀನೇನಂತೀಯಮ್ಮ?” ಎಂದು ಕೇಳಿದರು.

“ತಗೊಳ್ಳಿ ಅಪ್ಪಾ.”

“ಜೋರಾಗಿ ಹೇಳು. ಒಳಗೆ ಕೇಳ್ಲಿ.”

ಶ್ಯಾಮಲ ನಕ್ಕಳು, ಜೋರಾಗಿ ಹೇಳಲಿಲ್ಲ.

ಕೊನೆಗೆ ಗಾಡಿ ನೋಡಿಬರುವುದಾದರೂ ಆಗಲಿ ಎಂದು ಒಂದು ಭಾನುವಾರ ಮೂರು ಜನ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದರು. ಮುನಿಶಾಮಪ್ಪ ಕೊಳ್ಳಲಿಕ್ಕೆ, ಆಂಜಿ ತಪ್ಪಿಸಲಿಕ್ಕೆ, ದಸ್ತಗಿರ್ ಸಾಬರು ತಮಾಷೆ ನೋಡಲಿಕ್ಕೆ. ದಸ್ತಗಿರ್ ಸಾಬರದು ನೂಲು ತೆಗೆಯುವ ಕಾರ್ಖಾನೆ. ಈಗ ಅದನ್ನು ಮಗ ನೂರುಲ್ಲಾ ನೋಡಿಕೊಳ್ಳುತ್ತಿದ್ದ. ಅವರ ಹಳೆಯ ಮೋಟರ್ ಸೈಕಲ್ಲಿನಲ್ಲೇ ಮುನಿಶಾಮಪ್ಪ ಓಡಿಸುವುದನ್ನು ಕಲಿತದ್ದು.

ಶೋರೂಮು ಬಿ.ಬಿ. ರಸ್ತೆಯಲ್ಲಿತ್ತು. ಗಾಜಿನ ಹಿಂದೆ ಗಾಡಿ ಒಂದೇ ನಿಂತಿತ್ತು. ಹಳೆಯ ಮಾಡೆಲ್ಲನ್ನೇ ಬದಲಾಯಿಸಿದ್ದರು. ಟ್ಯಾಂಕು ದೊಡ್ಡದು, ಸೀಟು ಅಗಲ, ಮುಂದೆ ಗಾಳಿ ತಡೆಯುವ ಗಾಜು, ಹಿಂದೆ ಎರಡು ಪಕ್ಕದಲ್ಲೂ ಬೀಗ ಹಾಕುವ ಪೆಟ್ಟಿಗೆ. ಟೈ ಕಟ್ಟಿದ್ದ ಹುಡುಗ ಓಡಿಬಂದು ಆಂಜಿಯ ಕೈ ಕುಲುಕಿದ.

“ಬನ್ನಿ ಸಾರ್, ಕೂತು ನೋಡಿ. ಅಂಕಲ್, ನೀವು ಆ ಕುರ್ಚೀಲಿ ಕೂತ್ಕೊಳಿ.”

“ಕೂರೋಕೆ ಅವ್ರ ಮನೇಲಿ ಕುರ್ಚಿ ಇದೆ ಕಣಪ್ಪ,” ಅಂದರು ದಸ್ತಗಿರ್ ಸಾಬರು. “ಅವ್ರನ್ನ ಗಾಡಿ ಮೇಲೆ ಕೂರ್ಸು. ಗಿರಾಕಿ ಅವ್ರು.”

ಹುಡುಗ ತಬ್ಬಿಬ್ಬಾದ. ಮುನಿಶಾಮಪ್ಪ ಚಪ್ಪಲಿ ಹೊರಗೆ ಬಿಟ್ಟು ಬಂದವರು ಬರಿಗಾಲಲ್ಲೇ ಗಾಡಿಯ ಮೇಲೆ ಕುಳಿತರು. ಎರಡೂ ಹಿಡಿಕೆ ಹಿಡಿದರು. ಪೆಟ್ಟಿಗೆ ತೆಗೆದು ಒಳಗೆ ಕೈಯಾಡಿಸಿದರು.

“ಮುಂದಿನ ಲಾಟ್ ಯಾವಾಗ?” ಎಂದು ಆಂಜಿ ವಿಚಾರಿಸಿದ.

“ನಾಲ್ಕೈದು ತಿಂಗಳಾಗುತ್ತೆ ಸಾರ್.”

“ಕೇಳಿದ್ರಾ ಅಪ್ಪಾ? ಅಷ್ಟೊತ್ತಿಗೆ ಇದರಲ್ಲೇನು ತೊಂದರೆ ಇದೆಯೋ ಎಲ್ಲ ಸರಿಮಾಡಿರ್ತಾರೆ. ಆಗ ತಗೊಳ್ಳೋದು ಬುದ್ಧಿವಂತಿಕೆ.”

“ಹೊಸ ತಳಿ ಹುಳ ಬಂದಾಗ ಊರೆಲ್ಲ ಹೀಗೇ ಅಂತು,” ಅಂದರು ಮುನಿಶಾಮಪ್ಪ, ಇಳಿಯದೆ. “ಬೇರೆಯೋರು ಮೊದಲು ಸಾಕ್ಲಿ, ಆಮೇಲೆ ನೋಡಣ ಅಂತ. ನನ್ನ ಮಾತು ನಂಬಿ ಮೊದಲು ಸಾಕ್ದೋರು ಇವತ್ತು ಮಹಡಿ ಮನೆ ಕಟ್ಟಿದಾರೆ. ಆಮೇಲೆ ನೋಡಣ ಅಂದೋರು ಇನ್ನೂ ನೋಡ್ತಾನೇ ಇದಾರೆ.”

“ಅದು ಹುಳ ಅಪ್ಪಾ.”

“ನಾನೂ ಹುಳಾನೇ ಬಿಡು ನಿನಗೆ.”

ಮುಂಗಡ ಅಲ್ಲೇ ಕೊಟ್ಟುಬಿಟ್ಟರು. ಯಾರ ಹೆಸರಿಗೆ ಬರೆಯಲಿ ಎಂದು ಕೇಳದೆ ಹುಡುಗ ರಸೀದಿಯಲ್ಲಿ ಆ ಜಾಗವನ್ನು ಖಾಲಿ ಬಿಟ್ಟ. “ಹೆಸರು ಡೆಲಿವರಿ ಹೊತ್ತಿಗೆ ಹೇಳಿ ಸಾರ್. ಎಲ್ರೂ ಶಾಸ್ತ್ರ ಕೇಳ್ಕೊಂಡೇ ಹೇಳೋದು. ಮನೇಲಿ ಯಾರ ಹೆಸರಿಗೆ ಗಾಡಿ ಆಗಿಬರುತ್ತೋ ಅವರಿಗೆ ಮಾಡಣ.”

ಬರುವಾಗ ಬಸ್ಸಿನಲ್ಲಿ ಆಂಜಿ ತಂದೆಯ ಪಕ್ಕದಲ್ಲಿ ಕೂರಲಿಲ್ಲ.

ಮನೆಯಲ್ಲಿ ಆ ಸಂಜೆ ಕಾಫಿ ಲೋಟಗಳನ್ನು ಇಟ್ಟ ಸದ್ದಿಗೇ ವಿಷಯ ತಿಳಿಯುತ್ತಿತ್ತು. ಅನಸೂಯ ತಲೆನೋವೆಂದು ಮಲಗಿದಳು. ಅಜ್ಜಿ ಸತ್ತುಹೋದ ಗಂಡನನ್ನು ಕರೆದು, ನಿನ್ನ ಮಗನನ್ನು ನೋಡು ಎಂದು ತೆಲುಗಿನಲ್ಲಿ ಅತ್ತರು. ರಾಮಲಕ್ಷ್ಮಮ್ಮ ಎರಡು ದಿನ ಗಂಡನೊಂದಿಗೆ ಮಾತಾಡಲಿಲ್ಲ. ಊಟಕ್ಕೆ ಕರೆಯಬೇಕಾದರೆ, “ಶ್ಯಾಮಲಾ, ನಿಮ್ಮಪ್ಪ ಉಣ್ತಾರೇನೋ ಕೇಳು,” ಅನ್ನುವರು. ಮುನಿಶಾಮಪ್ಪ ಒಂದು ಮಾರು ದೂರದಲ್ಲಿ ಕುಳಿತಿರುವರು.

ಮೂರನೆಯ ದಿನ ರಾಮಲಕ್ಷ್ಮಮ್ಮ ತಾವಾಗಿಯೇ ಮಾತಾಡಿದರು. “ಮುಂಗಡ ಕೊಟ್ಟಾಯ್ತು. ಇನ್ನೇನು ಮಾಡೋಕಾಗುತ್ತೆ? ತಗೊಳ್ಳಿ. ಆದ್ರೆ ಕೋಟೆ ಬೀದಿ ಶಾಸ್ತ್ರಿಗಳನ್ನ ಕೇಳಿ ಹೆಸರು ಬರ್ಸಿ. ಅಷ್ಟಾದ್ರೂ ನನ್ ಮಾತು ನಡೀಲಿ.”

ಮುನಿಶಾಮಪ್ಪನಿಗೆ ಎಷ್ಟು ಹಗುರವಾಯಿತೆಂದರೆ, ಅವರು ಎದ್ದು ತಾವೇ ಬಾವಿಯಿಂದ ನಾಲ್ಕು ಕೊಡ ನೀರು ತಂದು ತೊಟ್ಟಿಗೆ ಸುರಿದರು. ಶಾಸ್ತ್ರ ಗೀಸ್ತ್ರ ಅವರು ನಂಬಿದವರಲ್ಲ. ಹುಳುವಿಗೆ ದೃಷ್ಟಿ ತಾಗಿದೆ ಎಂದು ಬಾಗಿಲಿಗೆ ಬೇವು ಕಟ್ಟಿ, ಕಿಟಕಿಗೆಲ್ಲ ಗೋಣಿಚೀಲ ಹೊದಿಸಿದವರನ್ನು ಬೈದೇ ಅವರ ಸರ್ವಿಸು ಮುಗಿದಿತ್ತು. “ದೃಷ್ಟಿ ತಾಗಲ್ಲಮ್ಮ, ಗಾಳಿ ಇಲ್ದೆ ಸಾಯ್ತವೆ, ಗೋಣಿ ಕಿತ್ತಾಕಿ,” ಅನ್ನುವರು.

ಅತ್ತೆ ಸೊಸೆ ಇಬ್ಬರೂ ಶಾಸ್ತ್ರಿಗಳ ಮನೆಗೆ ಹೋಗಿಬಂದರು. ರಾಮಲಕ್ಷ್ಮಮ್ಮ ಕಾಲು ತೊಳೆದು ಒಳಗೆ ಬಂದವರೇ ಹೇಳಿದರು:

“ನಿಮ್ಮ ಹೆಸರಿಗೆ ಆಗಿಬರಲ್ವಂತೆ.”

“ಏನು?”

“ಗಾಡಿ. ಒಂದೂವರೆ ವರ್ಷ ನಿಮಗೆ ವಾಹನ ಯೋಗ ಇಲ್ವಂತೆ. ಆಂಜಿ ಹೆಸರಿಗೆ ಚೆನ್ನಾಗಿ ಆಗಿಬರುತ್ತಂತೆ. ಅಲ್ವಾ ಅನಸೂಯಾ?”

“ಹೂಂ,” ಅಂದಳು ಅನಸೂಯ.

ಮುನಿಶಾಮಪ್ಪ ಗಟ್ಟಿಯಾಗಿ ನಕ್ಕರು. “ಅಷ್ಟೇನಾ? ಅವನ ಹೆಸರಿಗೇ ಬರ್ಸಿ. ಬೇಕಾದ್ರೆ ನಮ್ಮಮ್ಮನ ಹೆಸರಿಗೆ ಬರ್ಸಿ. ಪೆಟ್ರೋಲು ಹೆಸರು ಕೇಳಿ ಉರಿಯುತ್ತಾ? ಓಡ್ಸೋನು ನಾನು ತಾನೇ.”

ಶ್ಯಾಮಲ ತಲೆ ಎತ್ತಿದಳು. “ನಿಮ್ಮ ಹೆಸರಲ್ಲೇ ಇರ್ಲಿ ಅಪ್ಪಾ.”

“ಹೆಸರಲ್ಲಿ ಏನೂ ಇಲ್ಲಮ್ಮ. ಇವ್ರಿಗೆ ಸಮಾಧಾನ ಆಗುತ್ತೆ ಅಂದ್ರೆ ಆಗ್ಲಿ ಬಿಡು.”

ಸಂಕ್ರಾಂತಿ ಕಳೆದ ಮೇಲೆ ಗಾಡಿ ಬಂತು. ಕೋಲಾರದಲ್ಲಿ ರಿಜಿಸ್ಟ್ರೇಷನ್ ಆಯಿತು, ಆಂಜಿಯ ಹೆಸರಿನಲ್ಲಿ. ಬೀದಿಯ ಜನವೆಲ್ಲ ಸೇರಿದ್ದರು. ರಾಮಲಕ್ಷ್ಮಮ್ಮ ಅರಿಶಿನ ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಮುನಿಶಾಮಪ್ಪ ಅದರ ಮೇಲೆ ಹಾಯಿಸಿ ಕೋಟೆ ಬೀದಿ ಒಂದು ಸುತ್ತು ಬಂದರು. ಬಂದಾಗ ಕಣ್ಣಲ್ಲಿ ನೀರಿತ್ತು. ಗಾಳಿಗೆ ಎಂದರು. ಮುಂದೆ ಗಾಜಿತ್ತು.

ಮೊದಲ ಹದಿನೈದು ದಿನ ಮನೆಯಲ್ಲಿ ಅವರನ್ನು ಹಿಡಿಯುವವರಿರಲಿಲ್ಲ. ಬೆಳಿಗ್ಗೆ ಎದ್ದು ಗಾಡಿ ಒರೆಸಿ, ಕಾಫಿ ಕುಡಿದು, ದಸ್ತಗಿರ್ ಸಾಬರ ಜೊತೆ ಹೊರಡುವರು. ಇಬ್ಬರೂ ಬೇರೆ ಬೇರೆ ಗಾಡಿಗಳಲ್ಲಿ ಜಂಗಮಕೋಟೆಯವರೆಗೋ ಅದಕ್ಕೂ ಮುಂದಕ್ಕೋ ಹೋಗಿ ಟೀ ಕುಡಿದು ಬರುವರು. ಒಂದು ದಿನ ಶ್ಯಾಮಲಳನ್ನೂ ಕೂರಿಸಿಕೊಂಡು ಹೋದರು. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕಡಿಯುತ್ತಿದ್ದ ಎರ್ರಪ್ಪ ಎಂಬ ರೈತ ಕುಡುಗೋಲು ಹಿಡಿದುಕೊಂಡೇ ರಸ್ತೆಗೆ ಬಂದ.

“ಏನ್ ಸಾರ್, ಇಲಾಖೆ ಈಗ ಇಂಥ ಗಾಡಿ ಕೊಡ್ತಾ ಇದೆಯಾ?”

“ಇಲಾಖೆ ಬಿಟ್ಟೋರಿಗೆ ಮಾತ್ರ ಕೊಡೋದು ಎರ್ರಪ್ಪಾ.”

“ಹಂಗಾದ್ರೆ ನಿಮ್ಮ ಜಾಗಕ್ಕೆ ಬಂದಿರೋ ಹೊಸ ಸಾಹೇಬ್ರಿಗೂ ಬೇಗ ಒಂದು ಕೊಡ್ಸಿ ಸಾರ್!”

ದಾರಿಯುದ್ದಕ್ಕೂ ಮುನಿಶಾಮಪ್ಪ ಅದನ್ನೇ ನೆನೆಸಿಕೊಂಡು ನಗುತ್ತಿದ್ದರು. ರಂಜಾನ್ ಉಪವಾಸ ಮುಗಿದು ಹಬ್ಬ ಕಳೆದ ಕೂಡಲೇ, ಯುಗಾದಿಗೆ ಮುಂಚೆ, ಕಂಚಿಗೆ ಹೊರಡುವುದೆಂದು ಇಬ್ಬರು ಸ್ನೇಹಿತರೂ ಮಾತಾಡಿಕೊಂಡರು.

ಆಂಜಿ ಮೊದಲ ಸಲ ಗಾಡಿ ಕೇಳಿದ್ದು ಬಸ್ಸು ತಪ್ಪಿದ ದಿನ. “ಇವತ್ತೊಂದಿನ ಅಪ್ಪಾ.” ಮುನಿಶಾಮಪ್ಪ ಕೊಟ್ಟರು. ಎರಡನೇ ಸಲ ಚಿಂತಾಮಣಿಯಲ್ಲಿ ಮೀಟಿಂಗು ಇತ್ತು. ಮೂರನೇ ಸಲ ಕೇಳಲಿಲ್ಲ; ಗೂಟದಲ್ಲಿದ್ದ ಕೀಲಿ ತೆಗೆದುಕೊಂಡು ಹೋದ. ಆಮೇಲೆ ಕೀಲಿ ಗೂಟಕ್ಕೆ ಬರುವುದೇ ನಿಂತಿತು, ಅವನ ಪ್ಯಾಂಟಿನ ಜೇಬಿನಲ್ಲೇ ಉಳಿಯಿತು.

“ಕೀಲಿ ಎಲ್ಲಮ್ಮ?” ಎಂದು ಮುನಿಶಾಮಪ್ಪ ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುವರು.

“ಅವ್ರು ಸ್ಕೂಲಿಗೆ ತಗೊಂಡ್ಹೋದ್ರು ಮಾವ. ನೀವು ಸುಮ್ನೆ ಟೀ ಕುಡಿಯೋಕೆ ತಾನೇ ಹೋಗೋದು? ಟೀ ಇಲ್ಲೇ ಮಾಡ್ಕೊಡ್ತೀನಿ ಕೂತ್ಕೊಳಿ.”

ಕೆಂಚಾರ್ಲಹಳ್ಳಿಯಲ್ಲಿ ಅನಸೂಯಳ ಅಕ್ಕನ ಮಗಳಿಗೆ ನಾಮಕರಣವಿತ್ತು. ಆಂಜಿ ಹೆಂಡತಿಯನ್ನು ಗಾಡಿಯಲ್ಲೇ ಕರೆದುಕೊಂಡು ಹೋಗಬೇಕೆಂದ. ಪೆಟ್ಟಿಗೆಗಳಿದ್ದರೆ ಸೀರೆ ಉಟ್ಟವಳು ಒಂದು ಪಕ್ಕಕ್ಕೆ ಕಾಲು ಬಿಟ್ಟು ಕೂರುವುದಕ್ಕಾಗುವುದಿಲ್ಲ. ಎರಡನ್ನೂ ಬಿಚ್ಚಿಸಿ, ಅಲ್ಲಿ ಸೀರೆ ಸಿಕ್ಕಿಕೊಳ್ಳದ ಹಾಗೆ ಕಂಬಿ ಹಾಕಿಸಿದ. ಮುಂದಿನ ಗಾಜು ಊರಿನ ರಸ್ತೆಗೆ ನಗೆಪಾಟಲು ಎಂದು ಅದನ್ನೂ ತೆಗೆಸಿದ. ಮುನಿಶಾಮಪ್ಪ ಮಧ್ಯಾಹ್ನ ಗೂಡಿನ ಮಾರ್ಕೆಟ್ಟಿನಿಂದ ಬಂದಾಗ ಪೆಟ್ಟಿಗೆಗಳು ಅಡುಗೆಮನೆ ಮೂಲೆಯಲ್ಲಿದ್ದವು. ಒಂದರಲ್ಲಿ ಈರುಳ್ಳಿ, ಒಂದರಲ್ಲಿ ಹುಣಸೆಹಣ್ಣು.

“ಯಾರು ಹಾಕಿದ್ದು ಇದರಲ್ಲಿ?”

“ಇಲಿ ಕಾಟ ಕಣ್ರೀ. ಮುಚ್ಚಳ ಚೆನ್ನಾಗಿದೆ ಅಂತ ನಾನೇ ಹಾಕ್ದೆ,” ಅಂದರು ರಾಮಲಕ್ಷ್ಮಮ್ಮ.

ಅವರು ಈರುಳ್ಳಿ, ಹುಣಸೆಹಣ್ಣು ಎಲ್ಲ ನೆಲಕ್ಕೆ ಸುರಿದು, ಎರಡೂ ಪೆಟ್ಟಿಗೆ ಒರೆಸಿ, ಮಂಚದ ಕೆಳಗೆ ಇಟ್ಟರು. ಹುಣಸೆಹಣ್ಣಿನ ಪೆಟ್ಟಿಗೆಯೊಳಗೆ ಆಗಲೇ ಕಪ್ಪು ಅಂಟಿತ್ತು. ಅದು ಹೋಗಲಿಲ್ಲ.

ರಂಜಾನ್ ಹಬ್ಬದ ದಿನ ದಸ್ತಗಿರ್ ಸಾಬರು ಹೊಸ ಬಟ್ಟೆ ಹಾಕಿಕೊಂಡು, ದೊಡ್ಡ ಕ್ಯಾರಿಯರಿನಲ್ಲಿ ಹಾಲು ಶಾವಿಗೆಯ ಶೀರ್ ಕುರ್ಮಾ ತಂದರು. ಹೆಂಡತಿ ವಜೀರುನ್ನೀಸಾ ಕಳಿಸಿದ್ದು ಎಂದು ರಾಮಲಕ್ಷ್ಮಮ್ಮನ ಕೈಗೆ ಕೊಟ್ಟರು.

“ಅಕ್ಕಾ, ನಿಮ್ಮ ಯಜಮಾನ್ರನ್ನ ಗುರುವಾರ ಕರ್ಕೊಂಡ್ಹೋಗ್ತೀನಿ. ಹೇಗೆ ಕಳಿಸ್ತೀರೋ ಹಾಗೇ ವಾಪಸ್ ತಂದು ಒಪ್ಪಿಸ್ತೀನಿ. ಸ್ವಲ್ಪ ಕಪ್ಪಗಾಗಿರ್ತಾರೆ, ಅಷ್ಟೇ.”

ರಾಮಲಕ್ಷ್ಮಮ್ಮ ನಗಲಿಲ್ಲ. ಕ್ಯಾರಿಯರ್ ತೊಳೆದು, ಬರಿದಾಗಿ ಕೊಡಬಾರದೆಂದು ಬೆಲ್ಲ ಹಾಕಿ ಕೊಟ್ಟರು.

ಅವತ್ತು ಊಟಕ್ಕೆ ಎಲ್ಲರೂ ಕುಳಿತಾಗ ಮುನಿಶಾಮಪ್ಪ ಹೇಳಿದರು: “ಆಂಜೀ, ನಾಳೆ ಆ ಪೆಟ್ಟಿಗೆ, ಗಾಜು ಎರಡೂ ಹಾಕ್ಸಿಬಿಡು. ಗುರುವಾರ ಹೊರಡ್ತೀವಿ. ಹತ್ತು ಹನ್ನೆರಡು ದಿನ ನೀನು ಬಸ್ಸಲ್ಲಿ ಹೋಗು.”

ಆಂಜಿ ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡು ಕಲಸಿದ. ಕಲಸುತ್ತಲೇ ಇದ್ದ.

“ಆಗಲ್ಲಪ್ಪಾ. ನನಗೆ ಚಿಂತಾಮಣಿಗೆ ವರ್ಗದ ಆರ್ಡರ್ ಬಂದಿದೆ. ಸೋಮವಾರ ಅಲ್ಲಿ ಜಾಯಿನ್ ಆಗ್ಬೇಕು. ಕೆಂಚಾರ್ಲಹಳ್ಳೀಲಿ ಮಾವನ ಮನೇಲೇ ಇರಣ ಅಂತ ಮಾತಾಡಿದೀವಿ. ಅಲ್ಲಿಂದ ಬಸ್ಸು ಸರಿಯಿಲ್ಲ. ಗಾಡಿ ಇಲ್ದೆ ಆಗಲ್ಲ.”

“ಆರ್ಡರ್ ಯಾವಾಗ ಬಂತು?”

“ಹೋದ ವಾರ.”

“ನನಗೆ ಹೇಳ್ಲಿಲ್ಲ.”

“ಹೇಳಿದ್ರೆ ಇದೇ ಜಗಳ ಆಗ್ತಿತ್ತು ಅಂತ ಹೇಳ್ಲಿಲ್ಲ.”

“ಸರಿ. ಹೋಗಿ ಬಂದ್ಮೇಲೆ ಕೊಡ್ತೀನಿ. ಹನ್ನೆರಡು ದಿನ ತಾನೇ? ಮಾವನ ಸೈಕಲ್ ಇಸ್ಕೊ.”

ಆಂಜಿ ತಟ್ಟೆಯಿಂದ ಕೈ ತೆಗೆದ. “ಗಾಡಿ ನನ್ನ ಹೆಸರಲ್ಲಿದೆ ಅಪ್ಪಾ. ಆಂಧ್ರ, ತಮಿಳುನಾಡು ಅಂತ ನೀವು ಹೋಗ್ತೀರ. ಅಲ್ಲೆಲ್ಲೋ ಯಾರಿಗಾದ್ರೂ ಗುದ್ದಿದ್ರೆ ಕೋರ್ಟಿಗೆ ಅಲೆಯೋನು ನಾನು. ನನ್ ಕೆಲ್ಸ ಹೋಗುತ್ತೆ. ಈ ವಯಸ್ಸಲ್ಲಿ ನಿಮಗ್ಯಾಕೆ ಇದು? ಬೇಕಾದ್ರೆ ನಾನೇ ಬಸ್ ಟಿಕೆಟ್ ತೆಗೆಸಿ ಕೊಡ್ತೀನಿ.”

“ಗಾಡಿ ಯಾರ ದುಡ್ಡಲ್ಲಿ ತಗೊಂಡಿದ್ದೋ?”

“ಪೆಟ್ರೋಲ್ ಯಾರು ಹಾಕಿಸ್ತಿರೋದು? ಸರ್ವಿಸ್ ಯಾರು ಮಾಡ್ಸಿದ್ದು? ಮನೆ ಖರ್ಚಿಗೆ ಎಂಟು ವರ್ಷದಿಂದ ಯಾರು ಕೊಡ್ತಿರೋದು? ನೀವು ನಿಮ್ಮ ದುಡ್ಡು ಅಂದ್ರೆ ನಾನೂ ಹೇಳ್ಬೇಕಾಗುತ್ತೆ.”

“ಹೇಳೋ. ಎಲ್ಲಾ ಹೇಳು.”

“ಹೇಳೋದೇನಿದೆ? ನಿಮ್ಮ ಹೆಸರಿಗೆ ಆಗಿಬರಲ್ಲ ಅಂತ ಶಾಸ್ತ್ರಿಗಳೇ ಹೇಳಿದಾರೆ. ನಿಮ್ಮ ಒಳ್ಳೇದಕ್ಕೇ...”

“ಬಾಯ್ಮುಚ್ಚೋ!” ರಾಮಲಕ್ಷ್ಮಮ್ಮ ಮಜ್ಜಿಗೆಯ ಪಾತ್ರೆಯನ್ನು ಕುಕ್ಕಿದ ರಭಸಕ್ಕೆ ಅಜ್ಜಿ ಕೂಡ ಬೆಚ್ಚಿದರು. “ಶಾಸ್ತ್ರಿಗಳ ಹೆಸರು ಹೇಳ್ಬೇಡ. ಅವ್ರು ಹಂಗೆ ಹೇಳೇ ಇಲ್ಲ. ಎರಡು ಹೆಸರೂ ಆಗುತ್ತೆ, ಯಾರಿಗಾದ್ರೂ ಮಾಡ್ಸಿ ಅಂದ್ರು. ಆಗಲ್ಲ ಅಂತ ಮನೆಗೆ ಬಂದು ಹೇಳಿದ್ದು ನಾನು! ಗಾಡಿ ನಿನ್ನ ಹೆಸರಲ್ಲಿದ್ರೆ ಇವ್ರು ದೂರ ಹೋಗಲ್ಲ, ಊರಲ್ಲೇ ಓಡಾಡ್ಕೊಂಡಿರ್ತಾರೆ, ನನ್ ತಮ್ಮನ ಥರ ರಸ್ತೇಲಿ ಬೀಳಲ್ಲ ಅಂತ ನಿನ್ನ ಹೆಸರಿಗೆ ಹಾಕ್ಸ್ದೆ ಕಣೋ. ನೀನು ಎತ್ಕೊಂಡು ಅತ್ತೆ ಮನೆ ಸೇರ್ಕೊಳ್ಲಿ ಅಂತಲ್ಲ! ಕೊಡು ಅವ್ರ ಗಾಡಿ ಅವ್ರಿಗೆ!”

ಮಾತು ಮುಗಿದ ಮೇಲೆ ಅವರಿಗೆ ತಾವೇನು ಹೇಳಿದೆವೆಂದು ತಿಳಿಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮುನಿಶಾಮಪ್ಪ ಹೆಂಡತಿಯನ್ನು ನೋಡಲಿಲ್ಲ. ಅನಸೂಯಳ ಕಡೆ ತಿರುಗಿದರು.

“ನೀನೂ ಇದ್ದೆಯಲ್ಲಮ್ಮ ಅಲ್ಲಿ?”

“ಅತ್ತೆ ಹೇಳ್ಬೇಡ ಅಂದ್ರು ಮಾವ.”

ಅವರು ತಲೆಯಾಡಿಸಿದರು. ತಟ್ಟೆಯಲ್ಲಿದ್ದ ಅನ್ನವನ್ನು ಬಿಡದೆ ಉಂಡರು. ಎದ್ದು ಕೈ ತೊಳೆದು ಬಂದು, “ಆಂಜೀ, ನಾಳೆ ಕೋಲಾರಕ್ಕೆ ಹೋಗಿ ಹೆಸರು ಬದಲಾಯ್ಸಣ,” ಅಂದರು.

“ಬೇಸಿಗೆ ರಜ ಬರ್ಲಿ ಅಪ್ಪಾ, ನೋಡಣ.”

ಇನ್ನೊಂದು ಸಲ ಅವರು ಕೇಳಲಿಲ್ಲ.

ಗುರುವಾರ ಬೆಳಿಗ್ಗೆ ದಸ್ತಗಿರ್ ಸಾಬರು ಬಂದರು. ಹಳೆಯ ಗಾಡಿಯ ಹಿಂದೆ ಹಾಸಿಗೆ ಸುರುಳಿ, ನೀರಿನ ಕ್ಯಾನು ಕಟ್ಟಿತ್ತು. ಜಗಲಿಯಲ್ಲಿ ಪಂಚೆ ಉಟ್ಟು ಕುಳಿತಿದ್ದ ಸ್ನೇಹಿತನನ್ನು ನೋಡಿ ಅವರಿಗೆ ಎಲ್ಲ ಅರ್ಥವಾಯಿತು. ಶ್ಯಾಮಲ ಕಾಫಿ ತಂದಳು. ಸಾಬರು ನಿಂತೇ ಕುಡಿದರು.

“ಮುನಿಶಾಮಣ್ಣಾ, ಸಾಮಾನು ಬಿಚ್ಚಾಕ್ತೀನಿ. ನನ್ನ ಹಿಂದೆ ಕೂತ್ಕೊ. ಇಬ್ರೂ ಒಂದ್ರಲ್ಲೇ ಹೋಗಣ.”

“ಬೇಡ.”

“ಅರೆ, ಯಾಕೆ? ನಡುನಡುವೆ ನೀನೂ ಓಡ್ಸು.”

“ಇನ್ನೊಬ್ಬರ ಗಾಡಿ ನಾನು ಯಾಕಪ್ಪ ಓಡ್ಸಲಿ? ಎಲ್ಲಾದ್ರೂ ಗುದ್ದಿದ್ರೆ ನೀನು ಕೋರ್ಟಿಗೆ ಅಲೀಬೇಕು.” ಬಾಗಿಲಲ್ಲಿ ಆಂಜಿ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಮುನಿಶಾಮಪ್ಪ ಆ ಕಡೆ ತಿರುಗಲಿಲ್ಲ. “ನೀನು ಹೊರಡು. ಬಿಸಿಲೇರುತ್ತೆ.”

ಭಾನುವಾರ ಆಂಜಿ, ಅನಸೂಯ ಕೆಂಚಾರ್ಲಹಳ್ಳಿಗೆ ಹೊರಟರು. ಪಾತ್ರೆಪಗಡ ಟೆಂಪೋದಲ್ಲಿ, ಅವರಿಬ್ಬರು ಗಾಡಿಯಲ್ಲಿ. ಅನಸೂಯ ಮಾವನ ಕಾಲಿಗೆ ನಮಸ್ಕಾರ ಮಾಡಿದಳು. ಅವರು, “ಒಳ್ಳೇದಾಗಲಮ್ಮ,” ಅಂದರು. ಆಂಜಿ ಮಂಚದ ಕೆಳಗಿನ ಪೆಟ್ಟಿಗೆಗಳನ್ನು ಕೇಳಿದ; ಮುನಿಶಾಮಪ್ಪ ಅವುಗಳನ್ನೂ ಟೆಂಪೋಗೆ ಹಾಕಿಸಿದರು. ಮಗ ಹೋದಮೇಲೆ ರಾಮಲಕ್ಷ್ಮಮ್ಮ ಒಲೆಯ ಮುಂದೆ ಕುಳಿತು ಅತ್ತರು. ಯಾರಿಗಾಗಿ ಎಂದು ಅತ್ತೆ ಅಮ್ಮಾಜಮ್ಮ ಕೇಳಿದರು.

ಯುಗಾದಿ ಕಳೆದ ಮೇಲೊಂದು ಸಂಜೆ ದಸ್ತಗಿರ್ ಸಾಬರು ಬಂದು ಜಗಲಿಯಲ್ಲಿ ಕುಳಿತರು. ನಿಜವಾಗಿಯೂ ಕಪ್ಪಗಾಗಿದ್ದರು. ಆಂಧ್ರದ ಪುತ್ತೂರಿನ ಹತ್ತಿರ ಚೈನು ಕಡಿದದ್ದು, ತಿರುಪತಿಯಾಚೆ ಮಾವಿನ ತೋಪಿನಲ್ಲಿ ಮಲಗಿದ್ದು, ಕಂಚಿಯ ಬೀದಿಬೀದಿಯಲ್ಲಿ ಮಗ್ಗದ ಸದ್ದು ಎಲ್ಲ ಹೇಳಿದರು. ಒಬ್ಬ ನೇಕಾರ ನೂಲನ್ನು ಬೆರಳಲ್ಲಿ ಎಳೆದು ನೋಡಿ ಶಿಡ್ಲಘಟ್ಟದ್ದು ಎಂದು ಹೇಳಿದನಂತೆ.

ಮುನಿಶಾಮಪ್ಪ ತಲೆ ತಗ್ಗಿಸಿ ಕೇಳುತ್ತಿದ್ದರು. “ಎಳೆ ಎಲ್ಲಾದ್ರೂ ಕಡೀತಿತ್ತಾ?”

“ಇಲ್ಲ.”

“ಹೂಂ.”

ಸಮುದ್ರದ ಮಾತು ಸಾಬರು ತೆಗೆಯಲಿಲ್ಲ, ಇವರೂ ಕೇಳಲಿಲ್ಲ. ಅವರು ಹೋದ ಮೇಲೆ, ಹೊಸ್ತಿಲಲ್ಲಿ ಸೊಪ್ಪು ಬಿಡಿಸುತ್ತಿದ್ದ ರಾಮಲಕ್ಷ್ಮಮ್ಮ ಮೆಲ್ಲಗೆ ಹೇಳಿದರು:

“ಏನ್ರೀ, ನಾವಿಬ್ರೂ ಹೋಗ್ಬರಣ. ತಿರುಪತಿಗೆ ಹೋಗಿ ಅಲ್ಲಿಂದ ಕಂಚಿ ಬಸ್ಸು ಹಿಡಿದ್ರಾಯ್ತು. ನಾನೂ ಬರ್ತೀನಿ. ಎಲ್ಲೆಲ್ಲಿ ನೋಡ್ಬೇಕೋ ಅಲ್ಲೆಲ್ಲ ಇಳ್ಕೊಂಡು ನಿಧಾನಕ್ಕೆ ಹೋಗಣ.”

ಮುನಿಶಾಮಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು.

“ನೀನು ಹೋಗ್ಬಾ,” ಅಂದರು. ಎರಡು ಹೆಜ್ಜೆ ಇಟ್ಟು ನಿಂತರು. “ಶಾಸ್ತ್ರಿಗಳನ್ನ ಕೇಳ್ಕೊಂಡು ಹೋಗು.”

ಅವರು ಗೂಡಿನ ಮಾರ್ಕೆಟ್ಟಿನ ಕಡೆ ನಡೆದುಹೋದರು. ಶ್ಯಾಮಲಳ ಮುಂದೆ ಕುಳಿತ ಮಕ್ಕಳು ಮಗ್ಗಿ ಹೇಳುವುದನ್ನು ನಿಲ್ಲಿಸಿದ್ದರು. “ಹೇಳಿ, ಹೇಳಿ,” ಅಂದಳು ಅವಳು. ರಾಮಲಕ್ಷ್ಮಮ್ಮ ಅರ್ಧ ಬಿಡಿಸಿದ ಸೊಪ್ಪನ್ನು ಮಡಿಲಲ್ಲಿಟ್ಟುಕೊಂಡು, ಬೀದಿ ತಿರುವಿನಲ್ಲಿ ಗಂಡ ಕಾಣದಾದ ಮೇಲೂ ಹಾಗೇ ಕುಳಿತಿದ್ದರು. ಅವತ್ತು ಸಾರಿಗೆ ಒಗ್ಗರಣೆ ಹಾಕಿದ್ದು ಶ್ಯಾಮಲ.